ರಬ್ಬರಿನ ಮೇಲೆ ನಾಲ್ಕು ತಲೆ

ಬೀದಿಯವರೆಲ್ಲ ಅವನನ್ನು ಸೀಲಪ್ಪ ಅಂತ ಕರೆಯುತ್ತಿದ್ದರು. ಕಚೇರಿಗಳಿಗೆ, ಶಾಲೆಗಳಿಗೆ, ವಕೀಲರಿಗೆ ರಬ್ಬರ್ ಸೀಲು ಮಾಡಿಕೊಡುವುದು ಅವನ ಕಸುಬು. ಹತ್ತು ನಿಮಿಷದಲ್ಲಿ ಯಂತ್ರದಿಂದ ಸೀಲು ತೆಗೆದುಕೊಡುವ ಅಂಗಡಿಗಳು ಎಷ್ಟೋ ಬಂದಿದ್ದವು. ಇವನು ಮಾತ್ರ ಇನ್ನೂ ಬ್ಲೇಡು ಹಿಡಿದು ಕೈಯಲ್ಲೇ ಕೊರೆಯುತ್ತಿದ್ದ. ಕಾಗದದ ಮೇಲೆ ಅಕ್ಷರ ನೆಟ್ಟಗೆ ಮೂಡಬೇಕಾದರೆ ರಬ್ಬರಿನ ಮೇಲೆ ಅದು ತಿರುವುಮುರುವಾಗಿರಬೇಕು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದ ಕೈಗೆ ಯಾರೂ ಏನೂ ಹೇಳಿಕೊಡಬೇಕಾಗಿರಲಿಲ್ಲ. ಬ್ಲೇಡು ಹಿಡಿದರೆ ಸಾಕು, ಕಣ್ಣು ಕಂಡದ್ದನ್ನು ಕೈ ತಾನಾಗಿ ತಿರುಗಿಸಿ ಇಡುತ್ತಿತ್ತು.

ಅವನಿಗೆ ಇನ್ನೊಂದು ಕಸುಬೂ ಇತ್ತು, ಅದಕ್ಕೆ ಬೋರ್ಡು ಮಾತ್ರ ಇರಲಿಲ್ಲ. ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಡುವುದು. ಹೆಂಡತಿಯ ಮೇಲೆ ಅನ್ನುವುದಕ್ಕಿಂತ ಅವಳ ಸುತ್ತಮುತ್ತ ಇದ್ದವರ ಮೇಲೆ ಅನ್ನಬೇಕು. ಅವಳು ಪರದೆ ಹೊಲಿಯುತ್ತಿದ್ದಳು. ಹೊಲಿದು ಸುಮ್ಮನಿರುತ್ತಿರಲಿಲ್ಲ, ಏಣಿ ಹತ್ತಿ ತಾನೇ ತೂಗುಹಾಕಿ ಬರುತ್ತಿದ್ದಳು. 'ಕರ್ಟನ್ ಅಕ್ಕ ಬಂದ್ರೆ ಮನೆಗೆ ಕಳೆ ಬರುತ್ತೆ' ಅಂತ ಜನ ಹೊಗಳುವರು. ಆ ಮಾತು ಕಿವಿಗೆ ಬಿದ್ದರೆ ಸೀಲಪ್ಪನ ಮುಖದಲ್ಲಿದ್ದ ಕಳೆ ಇಳಿಯುತ್ತಿತ್ತು. ಯಾರ ಮನೆ? ಏಣಿ ಹಿಡಿದುಕೊಂಡವರು ಯಾರು? ಕಾಫಿ ಕೊಟ್ಟವರು ಯಾರು? ಇದೆಲ್ಲ ಕೇಳಬೇಕು ಅನ್ನಿಸುತ್ತಿತ್ತು, ಕೇಳಿದರೆ ಸಣ್ಣವನಾಗುತ್ತೇನೆ ಅನ್ನಿಸುತ್ತಿತ್ತು. ಕೇಳದೆ ಒಳಗೊಳಗೇ ಬೇಯುತ್ತ, "ಊಟ ಆಯ್ತಾ?" ಅಂತಷ್ಟೇ ಕೇಳುತ್ತಿದ್ದ. ಮದುವೆಯಾಗಿ ಹದಿನಾರು ವರ್ಷ. ಅವರಿಬ್ಬರ ನಡುವಿನ ಮಾತುಕತೆ ಹೆಚ್ಚುಕಡಿಮೆ ಅಷ್ಟೇ ಉದ್ದದ್ದಾಗಿತ್ತು.

ಒಂದು ಬೆಳಗ್ಗೆ ಅವಳು ಹಾಸಿಗೆಯಲ್ಲಿ ಮಗ್ಗುಲು ತಿರುಗಿದವಳೇ ಕಿಟಾರನೆ ಕಿರುಚಿದಳು.

"ರೀ, ಮನೆ ತಿರುಗ್ತಾ ಇದೆ! ಹಿಡ್ಕೊಳ್ಳಿ!"

"ಏನನ್ನೇ ಹಿಡ್ಕೊಳ್ಳಲಿ? ಮನೇನಾ, ನಿನ್ನಾ?" ಸೀಲಪ್ಪ ನಿದ್ದೆಗಣ್ಣಲ್ಲಿ ಎದ್ದು ಕೂತ.

ಅವಳು ಮಂಚದ ಪಟ್ಟಿಯನ್ನು ಎರಡೂ ಕೈಯಲ್ಲಿ ಬಾಚಿಕೊಂಡು, ಕಣ್ಣು ಮುಚ್ಚಿ ನಡುಗುತ್ತಿದ್ದಳು. ಅರ್ಧ ನಿಮಿಷದಲ್ಲಿ ಎಲ್ಲ ನಿಂತಿತು. ಮಧ್ಯಾಹ್ನ ಅಟ್ಟದ ಮೇಲಿನ ಬಟ್ಟೆಗಂಟು ತೆಗೆಯಲು ತಲೆ ಎತ್ತಿದಳು, ಮತ್ತೆ ಅದೇ. ಮಾರನೆಯ ದಿನವೂ ಅದೇ. ಅಲ್ಲಿಂದ ಮೂರು ತಿಂಗಳು ಕಾರಣ ಹುಡುಕುವ ಕೆಲಸವೇ ಕೆಲಸವಾಯಿತು. ಮನೆ ಹತ್ತಿರದ ಡಾಕ್ಟರು ಬಿ.ಪಿ. ನೋಡಿದರು, ಚೆನ್ನಾಗಿದೆ ಅಂದರು. ರಕ್ತ ಕಡಿಮೆಯಿರಬೇಕು ಅಂತ ಮಾತ್ರೆ ಕೊಟ್ಟರು. ಪರೀಕ್ಷೆ ಮಾಡಿಸಿದರೆ ರಕ್ತ ಬೇಕಾದಷ್ಟಿತ್ತು. ಕಣ್ಣಿನದ್ದಿರಬೇಕು ಅಂತ ಹೊಸ ಕನ್ನಡಕ ಬಂತು. ಕುತ್ತಿಗೆಯದ್ದಿರಬೇಕು ಅಂತ ಕುತ್ತಿಗೆಗೊಂದು ಪಟ್ಟಿ ಬಂತು. ಸೀಲಪ್ಪನ ಅಂಗಡಿಯ ಪಕ್ಕದಲ್ಲೇ ಬೀಗ ರಿಪೇರಿ ಮಾಡುವ ಅಜ್ಜನೊಬ್ಬನಿದ್ದ. ಅವನು, "ಬೀಗ ಒಂದು, ಬೀಗದ ಕೈ ಹತ್ತು. ಒಂದೂ ಕೂಡ್ತಾ ಇಲ್ಲ ನೋಡು" ಅಂದ. ಅವಳು ಏಣಿಯನ್ನು ಗೋಡೆಗೆ ಆನಿಸಿಟ್ಟು ಅದರ ಮೇಲೊಂದು ಹಳೇ ದುಪ್ಪಟಿ ಹೊದಿಸಿದಳು. ಅದನ್ನು ದಿನಾ ನೋಡುವುದು ಅವಳಿಂದ ಆಗುತ್ತಿರಲಿಲ್ಲ.

ಈಗ ಒಂದು ನಿಜ ಹೇಳಿಬಿಡಬೇಕು. ಆ ಮೂರು ತಿಂಗಳು ಸೀಲಪ್ಪ ಸುಖವಾಗಿದ್ದ. ಅಂಥ ಕೆಟ್ಟವನೇನಲ್ಲ ಅವನು. ಅವಳು ಕಣ್ಣು ಮುಚ್ಚಿ ಗೋಡೆ ತಡಕುವಾಗ ಅವನ ಕರುಳು ಚುರುಕ್ ಅನ್ನುತ್ತಿತ್ತು. ಆದರೆ ಮರುಕ್ಷಣ ಆ ಕೈ ಗೋಡೆ ಬಿಟ್ಟು ತನ್ನ ತೋಳು ಹಿಡಿಯುವಾಗ ಎದೆ ಉಬ್ಬುತ್ತಿತ್ತು. ಬೀದಿಯಲ್ಲಿ ಅವಳು ಅವನ ಮೊಣಕೈಗೆ ಜೋತುಬಿದ್ದು ನಡೆಯುವಳು, ಅವನು ಬೇಕೆಂದೇ ನಿಧಾನ ನಡೆಯುವನು. ಯಾರ ಮನೆಗೂ ಹೋಗುವ ಹಾಗಿಲ್ಲ, ಯಾರ ಕಾಫಿಯೂ ಇಲ್ಲ. ಬೇಗ ವಾಸಿಯಾಗಲಿ ಅಂತ ಮನಸ್ಸಿನಲ್ಲಿ ಅಂದುಕೊಂಡಾಗಲೆಲ್ಲ, ಪೂರ್ತಿ ಬೇಡ ಅಂತ ಇನ್ನೊಂದು ದನಿ ಹಿಂದಿನಿಂದ ಸೇರಿಸುತ್ತಿತ್ತು.

ಅಷ್ಟರಲ್ಲಿ ಶಾಲೆಯ ಹೆಡ್ ಮೇಡಂ ಬಂದರು. ಶಾಲೆಯ ಸಭಾಂಗಣದ ವೇದಿಕೆಗೆ ಪರದೆ ಹೊಲಿಸಬೇಕಿತ್ತು. ಇವಳ ಅವಸ್ಥೆ ಕೇಳಿ, "ಕಿವಿ ತೋರಿಸಿದ್ರಾ?" ಅಂದರು.

"ಕಿವಿಗೇನಾಗಿದೆ? ಚೆನ್ನಾಗಿ ಕೇಳುತ್ತೆ" ಅಂದ ಸೀಲಪ್ಪ.

"ಕೇಳೋದು ಬೇರೆ. ಒಂದ್ಸಲ ತೋರಿಸಿ" ಅಂತ ಹೇಳಿ ಒಬ್ಬ ಕಿವಿ ಡಾಕ್ಟರ ವಿಳಾಸ ಬರೆದುಕೊಟ್ಟು ಹೋದರು.

ಡಾಕ್ಟರಿಗೆ ನಲವತ್ತು ದಾಟಿರಲಿಲ್ಲ. ತಲೆತುಂಬ ಕೂದಲು, ತೊಳೆದು ತೊಳೆದು ಬೆಳ್ಳಗಾದ ನೀಳ ಬೆರಳು. ಸೀಲಪ್ಪ ಮೊದಲು ನೋಡಿದ್ದೇ ಆ ಬೆರಳುಗಳನ್ನು. ನೋಡಿ, ಇಂಕು ಹತ್ತಿದ ತನ್ನ ಮೊಂಡು ಬೆರಳುಗಳನ್ನು ಜೇಬಿಗೆ ಸೇರಿಸಿದ. ಡಾಕ್ಟರು ಅವಳನ್ನು ಕೇಳಿದ್ದು ಮೂರೇ ಪ್ರಶ್ನೆ. ಎಷ್ಟು ಹೊತ್ತು ತಿರುಗುತ್ತೆ? ಯಾವ ಮಗ್ಗುಲಿಗೆ ಹೊರಳಿದರೆ? ತಲೆ ಎತ್ತಿದರೂ ಬರುತ್ತಾ? ಅರ್ಧ ನಿಮಿಷ, ಬಲ ಮಗ್ಗುಲು, ಹೌದು ಅಂದಳು ಅವಳು. ಅವರು ಅವಳನ್ನು ಉದ್ದನೆಯ ಮಂಚದ ಮೇಲೆ ಕೂರಿಸಿ, ತಾವು ಹಿಂದೆ ನಿಂತು, ಎರಡು ಕೈಯಲ್ಲಿ ತಲೆ ಹಿಡಿದುಕೊಂಡರು. ಬಲಕ್ಕೆ ತಿರುಗಿಸಿ ಒಮ್ಮೆಗೇ ಹಿಂದಕ್ಕೆ ಮಲಗಿಸಿದರು. ಅವಳು "ಅಯ್ಯೋ" ಅಂದಳು. ಕಣ್ಣುಗುಡ್ಡೆಗಳು ತಾವಾಗಿ ಪಟಪಟ ಕುಣಿದವು.

"ಕಣ್ಣು ತೆರೆದಿಟ್ಕೊಳ್ಳಿ, ನಾನು ಹಿಡಿದಿದೀನಿ" ಅಂದರು ಡಾಕ್ಟರು. "ಕಿವಿಯೊಳಗೆ ಸಣ್ಣ ಸಣ್ಣ ಹರಳಿರುತ್ತೆ. ನಿಮ್ಮ ಬಲಗಿವಿಯಲ್ಲಿ ಅದು ಜಾಗ ಬಿಟ್ಟು ಕೊಳವೆಯೊಳಗೆ ಬಿದ್ದಿದೆ. ತಲೆ ಅಲ್ಲಾಡಿದಾಗ ಅದೂ ಉರುಳುತ್ತೆ, ಮನೇನೇ ತಿರುಗಿದ ಹಾಗಾಗುತ್ತೆ. ಅದನ್ನ ಉರುಳಿಸಿ ವಾಪಸ್ ಅದರ ಜಾಗಕ್ಕೆ ಕಳಿಸೋದು, ಅಷ್ಟೆ."

ಆಮೇಲೆ ತಲೆಯನ್ನು ನಿಧಾನ ಎಡಕ್ಕೆ ತಂದರು. ಎಡ ಮಗ್ಗುಲಿಗೆ ಮೈ ಹೊರಳಿಸಿ ಮೂಗು ನೆಲ ನೋಡುವಂತೆ ಮಾಡಿದರು. ಕೊನೆಗೆ ಎಬ್ಬಿಸಿ ಕೂರಿಸಿದರು. ನಾಲ್ಕು ನಿಮಿಷ. ಡಾಕ್ಟರ ಬೆನ್ನ ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ಸೀಲಪ್ಪ ಗೋಡೆ ಗಡಿಯಾರ ನೋಡಿ ಲೆಕ್ಕ ಇಟ್ಟಿದ್ದ. ಮೂರು ತಿಂಗಳು ತಾನು ಮೊಣಕೈ ಕೊಟ್ಟದ್ದು ಒಂದು ಕಡೆ, ಇವನ ನಾಲ್ಕು ನಿಮಿಷ ಒಂದು ಕಡೆ.

ಮತ್ತೆ ಬರಬಹುದು, ಬಂದರೆ ಮನೆಯಲ್ಲೂ ಮಾಡಿಕೊಳ್ಳಬಹುದು ಅಂತ ಡಾಕ್ಟರು ಚಿತ್ರವಿದ್ದ ಒಂದು ಹಾಳೆ ಕೊಟ್ಟರು. ಅದರ ಮೇಲೆ ತಮ್ಮ ಕೈಯಲ್ಲೇ 'ಬಲಗಿವಿ' ಅಂತ ಬರೆದರು. ಹೊರಗೆ ಬಂದ ಹೆಂಡತಿ ಯಾರನ್ನೂ ಹಿಡಿಯದೆ ಮೆಟ್ಟಿಲಿಳಿದಳು. ಇಳಿಯುತ್ತ ಅಂದಳು:

"ಎಂಥಾ ಕೈ ರೀ ಅವರದ್ದು! ತಲೆ ಹಿಡಿದ ಕೂಡ್ಲೇ ಬಿದ್ದುಹೋಗ್ತೀನಿ ಅನ್ನೋ ಭಯಾನೇ ಹೋಯ್ತು."

ಗಾಯದ ಮೇಲೆ ಉಪ್ಪು ಸುರಿದ ಹಾಗಾಯಿತು. ಸೀಲಪ್ಪ ಆ ಸಂಜೆ ಅಂಗಡಿಯಲ್ಲಿ ಕೂತು ಡಾಕ್ಟರ ಹಾಳೆಯನ್ನು ಇಂಕಿನ ಬಾಟಲಿಗಳ ಕೆಳಗೆ, ಡ್ರಾಯರಿನ ತಳಕ್ಕೆ ತುರುಕಿದ. ಅವನ ಅಕ್ಷರ ನೋಡುವ ದರ್ದು ತನಗೇನು? ತನ್ನ ಕಣ್ಣೇನು ಕುರುಡೇ? ರಬ್ಬರಿನ ಒಂದು ತುಂಡು ತೆಗೆದುಕೊಂಡು, ಕಂಡದ್ದನ್ನು ಕಂಡ ಹಾಗೆ ಕೊರೆಯಲು ಕೂತ. ಸಾಲಾಗಿ ನಾಲ್ಕು ತಲೆ, ಮೇಲಿನಿಂದ ನೋಡಿದಂತೆ, ಪ್ರತಿಯೊಂದಕ್ಕೂ ಒಂದು ಚೂಪು ಮೂಗು. ಮೂಗು ಎತ್ತ ತಿರುಗಿದೆ ಅನ್ನುವುದೇ ವಿದ್ಯೆಯ ಸಾರ. ಮುಗಿಸಿ ಮರದ ಹಿಡಿ ಅಂಟಿಸಿದ. ಬೀಗದ ಅಜ್ಜ ಇಣುಕಿ, "ಇದ್ಯಾವ ಕಚೇರಿಯ ಸೀಲೋ?" ಅಂದ. "ನಮ್ಮ ಮನೆ ಕಚೇರಿದು" ಅಂದ ಸೀಲಪ್ಪ.

ಆರು ವಾರ ಅವಳು ಹಕ್ಕಿಯ ಹಾಗೆ ಓಡಾಡಿದಳು. ಶಾಲೆಯ ಪರದೆಗೆ ಬಟ್ಟೆ ಬಂತು, ಕಡುಗೆಂಪು ವೆಲ್ವೆಟ್ಟು, ಮನೆಯ ಅರ್ಧವನ್ನು ಅದೇ ತುಂಬಿಕೊಂಡಿತು. ಮಾತೆತ್ತಿದರೆ ಡಾಕ್ಟರು. ಡಾಕ್ಟರು ಹೀಗಂದರು, ಡಾಕ್ಟರು ಹಾಗಂದರು. ಸೀಲಪ್ಪ ಅನ್ನದ ಜೊತೆ ಹಲ್ಲನ್ನೂ ಕಡಿಯುತ್ತಿದ್ದ. ಏಳನೆಯ ವಾರದಲ್ಲಿ ಒಂದು ಬೆಳಗ್ಗೆ ಬಲಕ್ಕೆ ಹೊರಳಿದವಳು ಮತ್ತೆ ಮಂಚ ಬಾಚಿಕೊಂಡಳು.

"ಡಾಕ್ಟ್ರ ಹತ್ರ ಹೋಗಿಬರೋಣ ರೀ."

"ಯಾಕೆ? ಮನೇಲೂ ಮಾಡಬಹುದು ಅಂದಿಲ್ವಾ ಅವರು? ನಾನು ಮಾಡ್ತೀನಿ."

"ನೀವಾ?" ಅವಳು ಕಣ್ಣರಳಿಸಿದಳು. "ಆ ಹಾಳೆ?"

"ಎಲ್ಲೋ ಕಳೆದುಹೋಯ್ತು. ಹಾಳೆ ಯಾಕೆ? ನಾನು ನೋಡಿ ಬರೆದಿಟ್ಕೊಂಡಿದೀನಿ."

ಸಂಜೆ ಅಂಗಡಿಯಿಂದ ಬರುವಾಗ ಸೀಲನ್ನು ಜೇಬಿನಲ್ಲಿ ತಂದ. ಕೈಯನ್ನು ಸೀಮೆಎಣ್ಣೆಯಲ್ಲಿ ಉಜ್ಜಿ, ಸೋಪಿನಲ್ಲಿ ಉಜ್ಜಿ, ಆದರೂ ಹೋಗದ ನೀಲಿಯನ್ನು ಶಪಿಸಿದ. ಸೀಲನ್ನು ಅಂಗಾತ ದಿಂಬಿನ ಪಕ್ಕ ಇಟ್ಟುಕೊಂಡ. ಅವಳ ಹಿಂದೆ ನಿಂತು ಎರಡೂ ಅಂಗೈಯಲ್ಲಿ ಅವಳ ತಲೆ ಹಿಡಿದ. ಮೊದಲನೆಯ ತಲೆಯ ಮೂಗು ಎಡಕ್ಕಿತ್ತು. ಎಡಕ್ಕೆ ತಿರುಗಿಸಿ ಮಲಗಿಸಿದ. ಏನೂ ಆಗಲಿಲ್ಲ.

"ನೋಡಿದ್ಯಾ? ಅವನು ಮಾಡಿದಾಗ ಅಯ್ಯೋ ಅಂದೆ. ನಾನು ಮಾಡಿದ್ರೆ ಆ ಕಷ್ಟಾನೂ ಇಲ್ಲ" ಅಂದ.

ಆಮೇಲೆ ಬಲಕ್ಕೆ ತಿರುಗಿಸಿದ. ಅವಳ ಉಸಿರು ಸಿಕ್ಕಿಕೊಂಡಿತು, ಉಗುರು ಅವನ ಮಣಿಕಟ್ಟಿಗೆ ನಾಟಿತು. ಮದ್ದು ಅಂದಮೇಲೆ ಕಹಿ ಇದ್ದದ್ದೇ ಅಂದುಕೊಂಡ ಸೀಲಪ್ಪ, ಇನ್ನಷ್ಟು ಗಟ್ಟಿಯಾಗಿ ಹಿಡಿದ. ಬಲ ಮಗ್ಗುಲಿಗೆ ಹೊರಳಿಸಿದಾಗ ಅವಳು ಹಲ್ಲು ಕಚ್ಚಿಕೊಂಡು ಮಲಗಿದ್ದಳು, ಬೆವರು ದಿಂಬಿಗಿಳಿಯಿತು. ಮಾರನೆಯ ಸಂಜೆಯೂ ಹಾಗೇ. ಮೂರನೆಯ ಸಂಜೆ ಅವಳು ತಾನಾಗಿ ಬಂದು ಮಂಚದ ಮೇಲೆ ಕೂತಳು, ಸೆರಗಿನಲ್ಲಿ ಮುಖ ಒರೆಸಿಕೊಂಡು, "ಹ್ಞೂಂ, ಹಿಡ್ಕೊಳ್ಳಿ" ಅಂದಳು. ನಾಲ್ಕನೆಯ ದಿನ, "ಹೋಯ್ತು ರೀ, ವಾಸಿಯಾಯ್ತು" ಅಂದುಬಿಟ್ಟಳು.

ಸೀಲಪ್ಪನ ಕಾಲು ನೆಲದ ಮೇಲಿರಲಿಲ್ಲ. ಅವಳು ಎರಡು ದಿಂಬು ಏರಿಸಿ ಎಡ ಮಗ್ಗುಲಿಗೇ ಮಲಗುವುದನ್ನು ಅವನು ಕಂಡ. ಏಳುವ ಮುಂಚೆ ಮಂಚದ ಅಂಚಿನಲ್ಲಿ ಕೂತು ಇಪ್ಪತ್ತರವರೆಗೆ ಎಣಿಸುವುದನ್ನೂ, ನಡೆಯುವಾಗ ಎದುರಿಗೆ ಯಾವುದಾದರೂ ಒಂದು ವಸ್ತುವಿನ ಮೇಲೆ ಕಣ್ಣು ನೆಡುವುದನ್ನೂ, ಮೇಲಿನ ಶೆಲ್ಫಿನ ಡಬ್ಬ ತೆಗೆಯಲು ತನ್ನನ್ನೇ ಕರೆಯುವುದನ್ನೂ ಕಂಡ. ಜಾಣೆ, ಹುಷಾರಾಗಿದ್ದಾಳೆ ಅಂದುಕೊಂಡ. ಹೊಟ್ಟೆಕಿಚ್ಚು ತಣ್ಣಗಾದವನಿಗೆ ಕಣ್ಣೂ ಮಂಜಾಗುತ್ತದೆ.

ಶಾಲೆಯ ಪರದೆ ತೂಗುಹಾಕುವ ದಿನ ಬಂತು. ಅವಳು ಏಣಿಯ ಮೇಲಿನ ದುಪ್ಪಟಿ ಸರಿಸಿ, ಕೈಗಾಡಿಯವನಿಂದ ಏಣಿ, ವೆಲ್ವೆಟ್ಟು ಎರಡನ್ನೂ ಹೊರಿಸಿಕೊಂಡು ಹೋದಳು. "ಹುಷಾರು" ಅಂದ ಸೀಲಪ್ಪ. ಅವಳು ಒಂದು ಗಳಿಗೆ ಅವನ ಮುಖ ನೋಡಿ, "ನೀವೇ ವಾಸಿ ಮಾಡಿದೀರಲ್ಲ" ಅಂದಳು.

ಆ ಮಾತು ತಲೆಗೇರಿಸಿಕೊಂಡು ಅಂಗಡಿಗೆ ಬಂದವನಿಗೆ ಒಂದು ಯೋಚನೆ ಬಂತು. ಈ ನಾಲ್ಕು ತಲೆಯನ್ನು ದಪ್ಪ ಕಾಗದದ ಮೇಲೆ ಒತ್ತಿ, ಚಂದದ ಕಾರ್ಡು ಮಾಡಿ, ಆ ಡಾಕ್ಟರ ಮೇಜಿನ ಮೇಲೆ ಇಟ್ಟುಬರಬೇಕು. ಒಂದು ಮಾತೂ ಆಡಬಾರದು. ಅವನೇ ನೋಡಿಕೊಳ್ಳಲಿ. ಇದನ್ನು ನೆನೆದು ಸೀಲಪ್ಪ ಒಬ್ಬನೇ ನಕ್ಕ. ಸೀಲನ್ನು ಇಂಕಿನ ಪ್ಯಾಡಿಗೆ ಒತ್ತಿ ಕಾಗದದ ಮೇಲೆ ಇಟ್ಟು, ಅಂಗೈಯಿಂದ ಅಮುಕಿ ಎತ್ತಿದ.

"ಅಜ್ಜಾ, ಬಾ ಇಲ್ಲಿ. ಹೆಂಗಿದೆ ನೋಡು."

ಅಜ್ಜ ಕನ್ನಡಕ ಏರಿಸಿ ನೋಡಿದ. "ಚೆನ್ನಾಗಿದೆ ಕಣೋ. ಮೊದಲನೇವ್ನು ಬಲಗಡೆ ಏನು ಅಷ್ಟು ನೋಡ್ತಿದಾನೆ?"

"ಬಲಗಡೆ ಅಲ್ಲ ಅಜ್ಜ, ಎಡಗಡೆ."

"ನನಗಾಗಿರೋದು ಪೊರೆ, ಮರೆವಲ್ಲ. ಬಲಗಡೆ."

ಸೀಲಪ್ಪ ನೋಡಿದ. ಬಲಗಡೆ. ರಬ್ಬರು ತಿರುಗಿಸಿ ನೋಡಿದ. ಎಡಗಡೆ. ಅವನ ಕೈಯಿಂದ ಸೀಲು ಜಾರಿ ಮೇಜಿನ ಮೇಲೆ ಉರುಳಿತು. ಅಕ್ಷರವಾಗಿದ್ದರೆ ಗೊತ್ತಾಗುತ್ತಿತ್ತು, ತಿರುವಿದ ಅಕ್ಷರವನ್ನು ಅವನು ನಿದ್ದೆಯಲ್ಲೂ ಓದಬಲ್ಲ. ತಲೆಗೆ, ಮೂಗಿಗೆ ಏನು ಗುರುತು? ಅಂದು ಡಾಕ್ಟರ ಬೆನ್ನ ಹಿಂದೆ ಕೂತು ಕಂಡದ್ದನ್ನೆಲ್ಲ ಅವನ ಕೈ, ಇಪ್ಪತ್ತೆರಡು ವರ್ಷದ ಅಭ್ಯಾಸದ ಮೇಲೆ, ಸದ್ದಿಲ್ಲದೆ ತಿರುಗಿಸಿ ಇಟ್ಟಿತ್ತು. ಅವನು ಒತ್ತಿದ ಗುರುತು ನೋಡುವ ಬದಲು ರಬ್ಬರನ್ನೇ ನೋಡಿಕೊಂಡು ಅವಳ ತಲೆ ತಿರುಗಿಸಿದ್ದ. ಡ್ರಾಯರು ಎಳೆದು ಬಾಟಲಿಗಳನ್ನು ಸರಿಸಿ ಡಾಕ್ಟರ ಹಾಳೆ ತೆಗೆದ. ಬಲಗಿವಿ, ಮೊದಲು ಬಲಕ್ಕೆ. ಚಿತ್ರ, ಬರಹ ಎರಡೂ ಒಂದೇ ಮಾತು ಹೇಳುತ್ತಿದ್ದವು. ಮೂರು ಸಂಜೆ ಅವನು ಹೆಂಡತಿಗೆ ಕೊಟ್ಟದ್ದು ಬರೀ ಹಿಂಸೆ. ವಾಸಿ ಅನ್ನುವುದು ಸುಳ್ಳು. ಅವಳು ಈಗ ಏಣಿಯ ಮೇಲಿದ್ದಾಳೆ.

ಹಾಳೆ ಹಿಡಿದುಕೊಂಡು, ಅಂಗಡಿ ಬಾಗಿಲನ್ನೂ ಹಾಕದೆ ಸೀಲಪ್ಪ ಓಡಿದ. ನಾಲ್ಕು ಬೀದಿ. ಚಪ್ಪಲಿಯೊಂದು ಎಲ್ಲಿ ಕಳಚಿತೋ ಗೊತ್ತಿಲ್ಲ.

ಸಭಾಂಗಣದ ಬಾಗಿಲಲ್ಲಿ ಅವನು ನಿಂತಾಗ ಅವಳು ಏಣಿಯ ತುದಿಯಲ್ಲಿದ್ದಳು. ಶಾಲೆಯ ವಾಚ್‌ಮನ್ ಕೆಳಗೆ ಏಣಿ ಹಿಡಿದಿದ್ದ. ಇಂಥ ಹೊತ್ತಿನಲ್ಲೂ ಸೀಲಪ್ಪನ ಮನಸ್ಸಿನಲ್ಲಿ 'ಇವನ್ಯಾರು' ಅನ್ನುವುದು ಹಾದುಹೋಯಿತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಪರದೆಯ ಒಂದು ಭಾಗ ಆಗಲೇ ತೂಗುತ್ತಿತ್ತು. ಅವಳು ಮೇಲೆ ನೋಡದೆ, ಎದುರಿನ ಗೋಡೆಯ ಒಂದು ಮೊಳೆಯ ಮೇಲೆ ಕಣ್ಣು ನೆಟ್ಟು, ಕೈಯಲ್ಲೇ ತಡಕಿ ಕೊಕ್ಕೆ ಸಿಕ್ಕಿಸುತ್ತಿದ್ದಳು. ಕರೆದರೆ ತಿರುಗುತ್ತಾಳೆ, ತಿರುಗಿದರೆ ಬೀಳುತ್ತಾಳೆ. ಸೀಲಪ್ಪ ಬಾಯಿ ಬಿಗಿಹಿಡಿದು, ಒಂದೇ ಚಪ್ಪಲಿಯಲ್ಲಿ ಕುಂಟುತ್ತ ಹತ್ತಿರ ಬಂದ. ಅಷ್ಟರಲ್ಲಿ ಕೊಕ್ಕೆಯೊಂದು ಕಂಬಿಯ ಬಳೆಗೆ ಕೂಡಲಿಲ್ಲ. ಅವಳು ಅಭ್ಯಾಸದಲ್ಲಿ ತಲೆ ಎತ್ತಿದಳು.

ಕಂಬಿ ಹಿಡಿದಿದ್ದ ಕೈ ಜಾರಿತು. ಅವಳು ಏಣಿಯನ್ನು ತಬ್ಬಿಕೊಂಡಳು, ಏಣಿ ಅಲ್ಲಾಡಿತು. ಸೀಲಪ್ಪ ವಾಚ್‌ಮನ್ನನ ಭುಜ ಸವರಿಕೊಂಡೇ ಮೇಲೆ ಹತ್ತಿದ. ಅವಳ ಹಿಂದೆ, ಒಂದು ಮೆಟ್ಟಿಲು ಕೆಳಗೆ ನಿಂತು, ಎರಡೂ ಕೈಯಿಂದ ಏಣಿಯ ಪಕ್ಕೆಗಳನ್ನು ಹಿಡಿದು ಅವಳನ್ನು ನಡುವೆ ಇಟ್ಟುಕೊಂಡ.

"ನಾನು. ಅಲ್ಲಾಡಬೇಡ. ಮೊಳೆ ನೋಡು."

"ಎರಡೆರಡು ಕಾಣ್ತಿದೆ" ಅಂದಳು ಅವಳು.

"ಯಾವುದಾದ್ರೂ ಒಂದನ್ನ ನೋಡು."

ಇಪ್ಪತ್ತು ಎಣಿಸುವಷ್ಟರಲ್ಲಿ ಅದು ನಿಂತಿತು. ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಬಂದು ವೇದಿಕೆಯ ಅಂಚಿನಲ್ಲಿ, ಇನ್ನೂ ತೂಗುಹಾಕದ ವೆಲ್ವೆಟ್ಟಿನ ರಾಶಿಯ ಪಕ್ಕ ಕೂರಿಸಿದ. ವಾಚ್‌ಮನ್ ನೀರು ತರಲು ಹೋದ. ಸೀಲಪ್ಪನಿಗೆ ಉಸಿರು ಬಂದಾಗ ಜೊತೆಗೆ ಅಳುವೂ ಬಂತು.

"ನಾನು ತಪ್ಪು ಕಿವಿಗೆ ಮಾಡಿದೀನಿ ಕಣೇ. ರಬ್ಬರ್ ನೋಡ್ಕೊಂಡು ಮಾಡಿದೆ. ಎಡಬಲ ಎಲ್ಲ ಉಲ್ಟಾ. ಹಾಳೆ ಕಳೆದಿರಲಿಲ್ಲ, ನಾನೇ ಬಚ್ಚಿಟ್ಟಿದ್ದೆ. ಆ ಡಾಕ್ಟ್ರ ಮೇಲಿನ ಹೊಟ್ಟೆಕಿಚ್ಚಿಗೆ. ನಿನ್ನ ಕೊಂದೇಬಿಡ್ತಿದ್ದೆ."

ಅವಳು ಅವನ ಬರಿಗಾಲು ನೋಡಿದಳು, ಮುದುಡಿದ ಹಾಳೆ ನೋಡಿದಳು.

"ಗೊತ್ತಿತ್ತು" ಅಂದಳು.

"ಹೊಟ್ಟೆಕಿಚ್ಚು ಗೊತ್ತಿತ್ತಾ?"

"ಅದು ಬೀದಿಗೆಲ್ಲ ಗೊತ್ತು. ಕಿವಿದೂ ಗೊತ್ತಿತ್ತು. ಮೊದಲನೇ ಸಂಜೇನೇ. ಡಾಕ್ಟ್ರು ಬಲಕ್ಕೆ ತಿರುಗಿಸಿದ್ರು, ನೀವು ಎಡಕ್ಕೆ ತಿರುಗಿಸಿದ್ರಿ. ನನ್ನ ತಲೆ ಯಾವ ಕಡೆ ತಿರುಗ್ತು ಅಂತ ನನಗೆ ಗೊತ್ತಾಗಲ್ವಾ?"

"ಮತ್ತೆ ಹೇಳಬಾರದಾ? ಮೂರು ದಿನ ಆ ಸಂಕಟ ಯಾಕೆ ಅನುಭವಿಸ್ದೆ?"

ಅವಳು ವೆಲ್ವೆಟ್ಟಿನ ಅಂಚನ್ನು ಬೆರಳಿನಿಂದ ನೇವರಿಸುತ್ತ, "ಕೊನೆಗೆ ತಡ್ಕೊಳ್ಳೋಕಾಗ್ದೆ ವಾಸಿಯಾಯ್ತು ಅಂದೆ. ಅಂದ್ಮೇಲೆ ಏಣಿ ಹತ್ತಲೇಬೇಕಿತ್ತು" ಅಂದಳು.

"ನಿಜ ಹೇಳಿದ್ರೆ ಕೈ ತೆಗೆದುಬಿಡ್ತಿದ್ರಿ" ಅಂತ ಸೇರಿಸಿದಳು. "ಹದಿನಾರು ವರ್ಷದಲ್ಲಿ ನೀವು ನನ್ನ ತಲೆ ಹಿಡ್ಕೊಂಡಿದ್ದು ಅದೇ ಮೊದಲು."

ಸೀಲಪ್ಪ ತನ್ನ ಕೈ ನೋಡಿಕೊಂಡ. ಯಾರ ಕೈ, ಯಾರ ಕೈ ಅಂತ ಇಷ್ಟು ವರ್ಷ ಊರಿನವರ ಕೈಗಳಿಗೆಲ್ಲ ಅವನು ಕಾವಲು ಕಾದಿದ್ದ. ತನ್ನ ಕೈಯನ್ನು ಮಾತ್ರ ಜೇಬಿನಲ್ಲಿಟ್ಟುಕೊಂಡಿದ್ದ. ಸಂಕೋಚ ಅಂತ ಅದಕ್ಕೆ ಅವನೇ ಹೆಸರಿಟ್ಟುಕೊಂಡಿದ್ದ.

"ಏಳು, ಡಾಕ್ಟ್ರ ಹತ್ರ ಹೋಗೋಣ" ಅಂದ ಕೊನೆಗೆ. ಮನಸ್ಸು ಗಟ್ಟಿ ಮಾಡಿಕೊಂಡೇ ಅಂದ.

"ಹಾಳೆ ಇದೆಯಲ್ಲ" ಅಂದಳು ಅವಳು. ವೆಲ್ವೆಟ್ಟಿನ ರಾಶಿಯನ್ನು ಉದ್ದಕ್ಕೆ ಹರಡಿ ಅದರ ಮೇಲೆ ಕಾಲು ಚಾಚಿ ಕೂತಳು. "ಹಿಡ್ಕೊಳ್ಳಿ. ಹಾಳೆ ನೋಡ್ಕೊಂಡು ಮಾಡಿ. ಆಗ್ಲಿಲ್ಲ ಅಂದ್ರೆ ಹೋಗೋಣ."

ಅವನು ಹಾಳೆಯನ್ನು ಎದುರಿಗೆ ಹರಡಿಕೊಂಡ. ಅವಳ ಹಿಂದೆ ಮೊಣಕಾಲೂರಿ ಕೂತು ಎರಡೂ ಅಂಗೈಯಲ್ಲಿ ತಲೆ ಹಿಡಿದ. ಬಲಕ್ಕೆ ತಿರುಗಿಸಿ ಹಿಂದಕ್ಕೆ ಮಲಗಿಸಿದ. ಅವಳು "ಅಯ್ಯೋ" ಅಂದಳು, ಕಣ್ಣು ಕುಣಿಯಿತು. ಅವನು "ಇದೀನಿ, ಇದೀನಿ" ಅಂದ. ನಿಧಾನ ಎಡಕ್ಕೆ ತಂದ, ಮಗ್ಗುಲು ಹೊರಳಿಸಿದ, ಎಬ್ಬಿಸಿ ಕೂರಿಸಿದ. ಅವಳು ಮೆಲ್ಲಗೆ ಬಲಕ್ಕೆ ನೋಡಿದಳು. ಆಮೇಲೆ ಮೇಲೆ, ಸಭಾಂಗಣದ ಎತ್ತರದ ಸೂರಿನ ಕಡೆಗೆ ನೋಡಿದಳು. ಎಲ್ಲ ಇದ್ದಲ್ಲೇ ಇತ್ತು. ಅವಳ ಕೆನ್ನೆಯ ಮೇಲೆ ಅವನ ಬೆರಳಿನ ನೀಲಿ ಇಂಕು ಹತ್ತಿತ್ತು; ನೀರು ತಂದ ವಾಚ್‌ಮನ್ ಅದನ್ನೇ ನೋಡುತ್ತ ನಿಂತ.

"ಈವತ್ತು ಏಣಿ ಹತ್ತೋದು ಬೇಡ" ಅಂದ ಸೀಲಪ್ಪ. "ಎರಡು ದಿನ ಹೋಗಲಿ. ನಾನೂ ಬರ್ತೀನಿ, ಏಣಿ ಹಿಡ್ಕೊಳ್ತೀನಿ."

"ಅಂಗಡಿ?"

"ಬೀಗದ ಅಜ್ಜ ಇದಾನೆ."

ಮನೆಯ ದಾರಿಯಲ್ಲಿ ಅವಳಿಗೆ ಆಸರೆ ಬೇಕಿರಲಿಲ್ಲ, ಆದರೂ ಅವನ ಮೊಣಕೈ ಹಿಡಿದಳು. ಒಂದೇ ಚಪ್ಪಲಿಯಲ್ಲಿ ಅವನು ಕುಂಟುತ್ತಿದ್ದ. ಎರಡು ಬೀದಿ ದಾಟುವ ತನಕ ತಡೆದುಕೊಂಡ. ಮೂರನೆಯದರಲ್ಲಿ ಆಗಲಿಲ್ಲ.

"ಅಲ್ಲಾ, ಸುಮ್ನೆ ಕೇಳ್ತೀನಿ. ಆ ಡಾಕ್ಟ್ರ ಕೈ ಹೆಂಗಿತ್ತು?"

ಅವಳು ಯೋಚಿಸಿದಳು. "ತಣ್ಣಗಿತ್ತು" ಅಂದಳು.

ಅಷ್ಟು ಸಾಕಾಯಿತು ಸೀಲಪ್ಪನಿಗೆ. ಕಳೆದ ಚಪ್ಪಲಿಯನ್ನು ಹುಡುಕುವುದನ್ನೂ ಮರೆತು ಅವನು ಮನೆಯವರೆಗೆ ನಡೆದ.